ಕೆಸರಿನ ಬೇರಿಗೆ ಗಾಳಿ ಎಲ್ಲಿಂದ?

ಅಭ್ಯಾಸ ಬೋಧನೆಯಲ್ಲಿ ಸಸ್ಯಗಳ ಹೊಂದಾಣಿಕೆಯ ಪಾಠಕ್ಕೆ ನಾನು ಬಳಸಿದ ಬೋಧನೋಪಕರಣ ಕೆರೆಯಂಚಿನ ಜೊಂಡು. ಅದರ ಕಂದು ತೆನೆ ಮಕ್ಕಳಿಗೆ ಪರಿಚಿತ. ಪೂರ್ವಜ್ಞಾನ ಪರೀಕ್ಷಿಸುತ್ತಲೇ ಸಮಸ್ಯೆ ಮುಂದಿಟ್ಟೆ: "ಕುಂಡದ ಗಿಡಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ. ಜೊಂಡಿನ ಬೇರು ಸದಾ ಕೆಸರಿನಲ್ಲಿದ್ದರೂ ಏಕೆ ಕೊಳೆಯುವುದಿಲ್ಲ?"

ಉತ್ತರವನ್ನು ನಾನು ಹೇಳಲಿಲ್ಲ. ಅಡ್ಡಲಾಗಿ ಕತ್ತರಿಸಿದ ಎಲೆಯ ತುಂಡನ್ನು ಪ್ರತಿ ಗುಂಪಿಗೂ ಕೊಟ್ಟೆ. ಮಸೂರದಲ್ಲಿ ಸಾಲು ಸಾಲು ಗಾಳಿಗೂಡುಗಳು ಕಂಡವು. ನೀರಿನಲ್ಲಿ ಮುಳುಗಿಸಿ ಹಿಸುಕಿದಾಗ ಗುಳ್ಳೆಗಳು ಎದ್ದವು. ಎಲೆಯ ಮೂಲಕವೇ ಬೇರಿಗೆ ಗಾಳಿ ತಲುಪುತ್ತದೆಂದು ಮಕ್ಕಳೇ ಊಹಿಸಿದರು.

ನಂತರ ನೆಡುವ ಚಟುವಟಿಕೆ. ತೂತಿಲ್ಲದ ಬಕೆಟ್ಟಿಗೆ ಮುಕ್ಕಾಲು ಭಾಗ ಜೇಡಿಮಣ್ಣು ತುಂಬಿ, ಮೊಳಕೆಯಿರುವ ಗುಪ್ತಕಾಂಡದ ತುಂಡನ್ನು ಚಿಗುರು ಮೇಲಿರುವಂತೆ ಹೂತು, ಬಿಸಿಲಿನಲ್ಲಿಟ್ಟೆವು. ಸೊಳ್ಳೆ ಮೊಟ್ಟೆಯಿಡದಂತೆ ನೀರನ್ನು ಮಣ್ಣಿನ ಮಟ್ಟಕ್ಕೇ ನಿಲ್ಲಿಸಿದೆವು. ತುಂಡುಗಳನ್ನು ಕೆರೆಯಿಂದ ನಾನೇ ತಂದಿದ್ದೆ, ಮಕ್ಕಳನ್ನು ಕೆಸರಿಗಿಳಿಸಬಾರದು.

ಬಕೆಟ್ಟೇ ಏಕೆಂದರೆ, ಶುಂಠಿಯಂತೆ ಅಡ್ಡಲಾಗಿ ಹಬ್ಬುವ ಗುಪ್ತಕಾಂಡ ಆಳವಿಲ್ಲದ ಕೆರೆಯನ್ನು ಬೇಗ ಆವರಿಸುತ್ತದೆ. "ಹಾಗಾದರೆ ಕೆರೆಯ ಜೊಂಡನ್ನೆಲ್ಲ ಕಿತ್ತುಬಿಡೋಣವಾ, ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು. "ಜಂಬುಕೋಳಿ ಗೂಡು ಕಟ್ಟೋದು ಅದರೊಳಗೇ ಅಲ್ವಾ?" ಎಂದು ಹಿಂದಿನ ಬೆಂಚಿನವನು ಅಡ್ಡಬಂದ. ಪಾಠಯೋಜನೆಯಲ್ಲಿದ್ದ "ಹೊಂದಾಣಿಕೆ ಎಂದರೇನು?" ಎಂಬ ಮೌಲ್ಯಮಾಪನ ಪ್ರಶ್ನೆಯನ್ನು ಆಗಲೇ ಬದಲಿಸಿದೆ: "ಕೆರೆಯಲ್ಲಿ ಜೊಂಡನ್ನು ಎಲ್ಲಿ ಉಳಿಸುವಿರಿ, ಎಲ್ಲಿ ತೆಗೆಯುವಿರಿ? ಕಾರಣ ಕೊಡಿ." ಇದಕ್ಕೆ ವ್ಯಾಖ್ಯೆಯ ಕಂಠಪಾಠ ಸಾಲದು. ಗಾಳಿಗೂಡು, ಗುಪ್ತಕಾಂಡ, ಹಕ್ಕಿಯ ಗೂಡು ಮೂರನ್ನೂ ಕೂಡಿಸಿ ಯೋಚಿಸಿದವರೇ ಉತ್ತರಿಸಬಲ್ಲರು.