ಬೆನ್ಯಾಮೀನನೆಂಬ ಹೆಸರು

ಇಬ್ರಿಯ ಜನರಲ್ಲಿ ಹೆಸರೆಂಬದು ಕೇವಲ ಕರೆಯುವದಕ್ಕಾಗಿ ಇಟ್ಟ ಶಬ್ದವಲ್ಲ. ಕೂಸು ಹುಟ್ಟಿದ ಗಳಿಗೆಯ ಸಂತೋಷವೋ ಸಂಕಟವೋ ಅನೇಕಾವರ್ತಿ ಅದರೊಳಗೆ ಅಡಗಿರುತ್ತಿತ್ತು. ಒಂದೇ ಕೂಸಿಗೆ ತಾಯಿಯು ಒಂದು ಹೆಸರನ್ನೂ ತಂದೆಯು ಮತ್ತೊಂದನ್ನೂ ಇಟ್ಟ ಸಂಗತಿಯನ್ನು ಆದಿಕಾಂಡದ 35ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಯಾಕೋಬನ ಕುಟುಂಬವು ಬೇತೇಲನ್ನು ಬಿಟ್ಟು ಎಫ್ರಾತದ ಕಡೆಗೆ ಪ್ರಯಾಣಮಾಡುತ್ತಿರಲು ದಾರಿಯಲ್ಲಿಯೇ ರಾಹೇಲಳಿಗೆ ಪ್ರಸವವೇದನೆಯುಂಟಾಯಿತು. ಇವಳು ಬಹುಕಾಲ ಬಂಜೆಯಾಗಿದ್ದವಳು. ಚೊಚ್ಚಲು ಮಗನು ಹುಟ್ಟಿದಾಗ ಅವನಿಗೆ ಯೋಸೇಫನೆಂದು ಹೆಸರಿಟ್ಟಿದ್ದಳು. ದೇವರು ಇನ್ನೊಬ್ಬನನ್ನು ಕೂಡಿಸಲಿ ಎಂಬದೇ ಅದರ ಭಾವ. ಆ ಬೇಡಿಕೆಯು ಈಗ ನೆರವೇರಿತು. ಗಂಡುಕೂಸೇ ಎಂದು ಸೂಲಗಿತ್ತಿಯು ಧೈರ್ಯ ಹೇಳಿದಳು. ಆದರೆ ತಾಯಿಯ ಪ್ರಾಣವು ಹೋಗುತ್ತಿತ್ತು. ಅವಳು ಕೂಸಿಗೆ ಬೆನೋನಿ ಎಂದು ಹೆಸರಿಟ್ಟು ತೀರಿಹೋದಳು. ತಂದೆಯಾದರೋ ಅವನನ್ನು ಬೆನ್ಯಾಮೀನನೆಂದು ಕರೆದನು.

ಇಬ್ರಿಯದಲ್ಲಿ 'ಬೆನ್' ಎಂದರೆ ಮಗನು. 'ಬೆನೋನಿ' ಎಂಬದಕ್ಕೆ ನನ್ನ ದುಃಖದ ಮಗನೆಂದರ್ಥ. 'ಯಾಮೀನ್' ಎಂದರೆ ಬಲಗೈ. ಆದಕಾರಣ ಬೆನ್ಯಾಮೀನನು ಬಲಗೈಯ ಮಗನು. ಬಲಗೈ ಶಕ್ತಿಗೂ ಗೌರವಕ್ಕೂ ಗುರುತಾಗಿತ್ತು. ನಮ್ಮ ಭಾಷೆಯಲ್ಲಿಯೂ 'ಬಲ' ಎಂಬ ಒಂದೇ ಶಬ್ದವು ಆ ಪಕ್ಕವನ್ನೂ ಶಕ್ತಿಯನ್ನೂ ಸೂಚಿಸುತ್ತದಲ್ಲವೇ? ಇಬ್ರಿಯರು ಪೂರ್ವಕ್ಕೆ ಮುಖಮಾಡಿ ದಿಕ್ಕುಗಳನ್ನು ಎಣಿಸುತ್ತಿದ್ದದರಿಂದ 'ಯಾಮೀನ್' ತೆಂಕಣ ದಿಕ್ಕೂ ಆಯಿತು. ಸಂಸ್ಕೃತದ 'ದಕ್ಷಿಣ' ಶಬ್ದವೂ ಹಾಗೆಯೇ. ಆದುದರಿಂದ ಕೆಲವರು ತೆಂಕಣದ ಮಗನೆಂದು ಅರ್ಥ ಹೇಳುತ್ತಾರೆ. ಬೆನ್ಯಾಮೀನ್ ಕುಲದವರ ಸೀಮೆಯು ಎಫ್ರಾಯೀಮ್ಯರ ಸೀಮೆಗೆ ದಕ್ಷಿಣದಲ್ಲಿತ್ತು. ಸಮಾರ್ಯರ ಧರ್ಮಗ್ರಂಥದಲ್ಲಿ ಈ ಹೆಸರು 'ಬೆನ್ಯಾಮೀಮ್' ಎಂದಿದೆ. ಅದಕ್ಕೆ ದಿನಗಳ ಮಗನು, ಅಂದರೆ ಮುಪ್ಪಿನಲ್ಲಿ ಹುಟ್ಟಿದವನು ಎಂದು ಅರ್ಥಮಾಡುತ್ತಾರೆ.

ಇನ್ನೊಂದು ಮಾತನ್ನೂ ಗಮನಿಸತಕ್ಕದ್ದು. 'ಓನ್' ಎಂಬ ಶಬ್ದಕ್ಕೆ ಇಬ್ರಿಯದಲ್ಲಿ ಶಕ್ತಿಯೆಂಬ ಅರ್ಥವೂ ಉಂಟು. 49ನೆಯ ಅಧ್ಯಾಯದಲ್ಲಿ ಯಾಕೋಬನು ರೂಬೇನನ ವಿಷಯವಾಗಿ ಅದನ್ನು ಹೀಗೆಯೇ ಪ್ರಯೋಗಿಸಿದ್ದಾನೆ. ಯಾಕೋಬನು ತಾಯಿಯ ಮಾತನ್ನು ತಳ್ಳಿಬಿಡದೆ ಅದನ್ನೇ ಒಳ್ಳೆಯ ಅರ್ಥಕ್ಕೆ ತಿರುಗಿಸಿದನೆಂದು 13ನೆಯ ಶತಮಾನದ ಯೆಹೂದ್ಯ ಪಂಡಿತನಾದ ನಹ್ಮಾನಿದನು ವಿವರಿಸಿದ್ದಾನೆ.

ಹಾಗಾದರೆ ಯಾಕೋಬನು ಹೆಂಡತಿಯನ್ನು ಮರೆತನೋ? ಇಲ್ಲ. ಆಕೆಯ ಸಮಾಧಿಯ ಮೇಲೆ ಕಂಬವನ್ನು ನಿಲ್ಲಿಸಿದನು. ಮರಣ ಸಮೀಪಿಸಿದಾಗಲೂ ಆ ದಾರಿಯನ್ನು ನೆನಸಿ ಮಾತಾಡಿದನು. ದುಃಖದ ಗುರುತನ್ನು ಕಲ್ಲಿನ ಮೇಲೆ ಇಟ್ಟನು, ಕೂಸಿನ ಮೇಲೆ ಹೊರಿಸಲಿಲ್ಲ.

ಈ ಕುಲದಿಂದ ಇಸ್ರಾಯೇಲ್ಯರ ಮೊದಲನೆಯ ಅರಸನಾದ ಸೌಲನು ಹುಟ್ಟಿದನು. ಅಪೊಸ್ತಲನಾದ ಪೌಲನೂ ತಾನು ಬೆನ್ಯಾಮೀನನ ಕುಲದವನೆಂದು ಹೇಳಿದ್ದಾನೆ. ಬಲಗೈಯ ಮಗನೆಂಬ ಹೆಸರಿನ ಈ ಕುಲದಲ್ಲಿ ಏಹೂದನೇ ಮೊದಲಾದ ಎಡಚರು ಪ್ರಸಿದ್ಧರಾದದ್ದನ್ನು ನ್ಯಾಯಸ್ಥಾಪಕರ ಪುಸ್ತಕದಲ್ಲಿ ಓದಬಹುದು. ಹೆಸರು ಮನುಷ್ಯನನ್ನು ಕಟ್ಟಿಹಾಕುವದಿಲ್ಲವೆಂಬದು ಇದರಿಂದಲೂ ತಿಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಹೆರಿಗೆಯಲ್ಲಿ ತಾಯಿಯು ಸತ್ತರೆ, ಉಳಿದ ಕೂಸನ್ನು ತಾಯಿಯನ್ನು ತಿಂದುಕೊಂಡದ್ದೆಂದು ಆಡುವವರುಂಟು. ಆ ಮಾತು ಬೆನೋನಿಗಿಂತಲೂ ಕಠಿಣವಾದದ್ದು. ಬೆನೋನಿ ಎಂಬದರಲ್ಲಿ ಅಳುವಿತ್ತು, ಇದರಲ್ಲಿ ಅಪವಾದವಿದೆ. ಅಂಥ ಕೂಸು ನಮ್ಮ ನೆರೆಯಲ್ಲಿದ್ದರೆ ನಾವು ಅದನ್ನು ಯಾವ ಹೆಸರಿನಿಂದ ಕರೆಯುತ್ತೇವೆಂದು ಪ್ರತಿಯೊಬ್ಬರೂ ವಿಚಾರಿಸಿಕೊಳ್ಳೋಣ.