ಅಂಕಿಗಳ ಚೌಕದಲ್ಲಿ ಅಡಗಿದ ಅಕ್ಷರ

ಹರಿಹರದ ಹರಿಹರೇಶ್ವರ ದೇವಾಲಯ ನಿರ್ಮಾಣವಾದುದು 1224ರಲ್ಲಿ. ನಮ್ಮ ಆವರಗೆರೆಯ ವಿದ್ಯಾರ್ಥಿಗಳಲ್ಲಿ ಅಲ್ಲಿನ ಶಾಸನಗಳನ್ನು ಕಂಡವರು ಹಲವರಿದ್ದಾರೆ. ಆ ಹಳೆಯ ಲಿಪಿ ನಮಗೆ ತೊಡಕೆನಿಸಿದರೂ ಅದು ಗುಟ್ಟಿನದಲ್ಲ. ಹತ್ತು ಜನ ಓದಲೆಂದೇ ಕೆತ್ತಿದುದು. ಬರೆದವನೇ ತನ್ನ ಬರಹವನ್ನು ಮರೆಮಾಡಿದ್ದರೆ ಅದನ್ನು ಬಿಡಿಸುವುದೆಂತು? ಬಿಡಿಸಿದೆವೆಂದವರ ಮಾತನ್ನು ಪರೀಕ್ಷಿಸುವುದೆಂತು?

ಕಮಲ, ಸರ್ಪ, ರಥಗಳ ಆಕಾರದಲ್ಲಿ ಅಕ್ಷರಗಳನ್ನು ಜೋಡಿಸುವ ಚಿತ್ರಕಾವ್ಯ ನಮ್ಮಲ್ಲಿ ಹಳೆಯದು. ಕುಮುದೇಂದು ಮುನಿಯ ‘ಸಿರಿಭೂವಲಯ’ ಇದಕ್ಕಿಂತ ಮುಂದೆ ಹೋಗಿ ಅಕ್ಷರವನ್ನೇ ಕೈಬಿಟ್ಟಿದೆ. ಕವಿಯ ಕಾಲ 9ನೆಯ ಶತಮಾನವೆಂದು ಕೆಲವರೂ ಬಹಳ ಈಚಿನದೆಂದು ಕೆಲವರೂ ವಾದಿಸುತ್ತಾರೆ. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಇವರ ಶ್ರಮದಿಂದ ಗ್ರಂಥದ ಮೊದಲ ಭಾಗ 1953ರಲ್ಲಿ ಅಚ್ಚಾಯಿತು.

ಇದರ ಪುಟವೆಂದರೆ ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕ. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು. ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತವೆಂದು 27, ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4. ಹೀಗೆ 64 ಧ್ವನಿಗಳು. ಇನ್ನು ಓದುವ ದಾರಿ. ಮೊದಲ ಚಕ್ರದಲ್ಲಿ ಮೇಲಿನ ಸಾಲಿನ ನಡುಮನೆಯಿಂದ ಹೊರಟು ಮೇಲಕ್ಕೆ, ಬಲಕ್ಕೆ ಓರೆಯಾಗಿ ಸಾಗಬೇಕು. ಅಂಚು ದಾಟಿದರೆ ಎದುರು ಅಂಚಿನಿಂದ ಒಳಬರಬೇಕು. ಓದಿದ ಮನೆ ಅಡ್ಡ ಬಂದರೆ ಒಂದು ಮನೆ ಕೆಳಗಿಳಿಯಬೇಕು. ಮಾಯಾಚೌಕ ರಚಿಸುವವರಿಗೆ ಇದು ಪರಿಚಿತವಾದ ನಡೆ. 1, 58, 38, 1 ಎಂದು ದೊರೆಯುತ್ತದೆ: ಅ, ಷ್, ಟ್, ಅ, ಎಂದರೆ ‘ಅಷ್ಟ’.

ಇದು ಕಾಕತಾಳೀಯವಲ್ಲವೆ? 729 ಮನೆಗಳನ್ನು ಒಂದೊಂದು ಬಾರಿ ಮುಟ್ಟುವ ಕ್ರಮಗಳ ಸಂಖ್ಯೆಯನ್ನು ಬರೆಯಲು 1770ಕ್ಕೂ ಹೆಚ್ಚು ಅಂಕಿಗಳು ಬೇಕು. ಮನಬಂದ ಕ್ರಮವನ್ನು ಆರಿಸಿಕೊಳ್ಳುವವನಿಗೆ ಬೇಕಾದ ಪದವೆಲ್ಲ ಸಿಕ್ಕೀತು! ಆದರೆ ಇಲ್ಲಿ ನಿಯಮ ಮೊದಲೇ ಗೊತ್ತಾಗಿದೆ. ಅದನ್ನು ಬದಲಿಸದೆ ನಡೆದಾಗ ಸಾಂಗತ್ಯದ ಪದ್ಯಗಳು ಒಂದರ ಹಿಂದೊಂದು ಬರುತ್ತವೆ. ಛಂದಸ್ಸು ನಮ್ಮ ಇಚ್ಛೆಗೆ ಬಗ್ಗುವ ವಸ್ತುವಲ್ಲ. ಆದುದರಿಂದ ಈ ಸಾಕ್ಷ್ಯ ಬಲವಾದುದು. ಇದೇ ಗ್ರಂಥದಲ್ಲಿ 718 ಭಾಷೆಗಳೂ ಆಧುನಿಕ ವಿಜ್ಞಾನವೂ ಅಡಗಿವೆಯೆಂಬ ಮಾತಿಗೆ ಅಷ್ಟೇ ಬೆಲೆ ಕೊಡಲು ನಾವು ಸಿದ್ಧರಿಲ್ಲ. ಆರಿಸಿಕೊಳ್ಳುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ಸಾಕ್ಷ್ಯ ತೆಳುವಾಗುತ್ತದೆ.

ಅಮೆರಿಕದ ಜೇಮ್ಸ್ ಹ್ಯಾಂಪ್ಟನ್ ಹಳೆಯ ಪೀಠೋಪಕರಣಗಳಿಗೆ ಬೆಳ್ಳಿ ಬಂಗಾರದ ಬಣ್ಣದ ಹಾಳೆ ಸುತ್ತಿ ಭವ್ಯ ಸಿಂಹಾಸನವೊಂದನ್ನು ರಚಿಸಿದ. ಅವನು 1964ರಲ್ಲಿ ತೀರಿಕೊಂಡ ಮೇಲೆ, ಅವನೇ ಕಲ್ಪಿಸಿದ ಲಿಪಿಯ ಪುಸ್ತಕವೂ ದೊರೆಯಿತು. ಗಣಕಯಂತ್ರಗಳಿಗೂ ಅದು ಬಗ್ಗಿಲ್ಲ. ಅದರ ಹಿಂದೆ ಭಾಷೆಯೇ ಇಲ್ಲದಿರಲೂಬಹುದು.

ವಿದ್ಯಾರ್ಥಿಗಳು 25 ಮನೆಗಳ ಚೌಕದಲ್ಲಿ ಮೇಲಿನ ನಿಯಮವನ್ನೇ ನಡೆಸಿ ನೋಡಲಿ. ಎರಡನೆಯ ಅಕ್ಷರ ಕೆಳಸಾಲಿನ ನಾಲ್ಕನೆಯ ಮನೆಗೆ ಬೀಳಬೇಕು. ಆರನೆಯದು ಐದನೆಯದರ ನೇರ ಕೆಳಗೆ.