ಪಾಯದಲ್ಲಿ ಸಿಕ್ಕಿದ ಚಿನ್ನ ನಿಜವೇ?



"ಮನೆಗೆ ಪಾಯ ತೆಗೆಯುವಾಗ ಹಳೇ ಕಾಲದ ಚಿನ್ನದ ನಾಣ್ಯ ಸಿಕ್ಕಿವೆ, ಅರ್ಧ ಬೆಲೆಗೆ ಕೊಡುತ್ತೇವೆ" ಎಂದು ನಂಬಿಸಿ ಮೋಸ ಮಾಡಿದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು. ಮೊದಲು ತೋರಿಸುವ ಒಂದೆರಡು ನಾಣ್ಯ ಅಸಲಿ ಚಿನ್ನವೇ. ದುಡ್ಡು ಕೊಟ್ಟ ಮೇಲೆ ಸಿಗುವ ಗಂಟಿನಲ್ಲಿ ಮಾತ್ರ ಹಿತ್ತಾಳೆ! ಕಬ್ಬಿನ ಹಣ ಕೈಗೆ ಬಂದಾಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾರ ಮನೆಗಾದರೂ ಇಂಥವರು ಬರಬಹುದು.

ಹಾಗೆಂದು ಹಳೆಯ ನಾಣ್ಯಗಳೆಲ್ಲ ಕಟ್ಟುಕತೆಯಲ್ಲ. ಸುಮಾರು 2000 ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ಹಡಗುಗಳು ಮೆಣಸು, ಹತ್ತಿಬಟ್ಟೆಗಳಿಗಾಗಿ ನಮ್ಮ ಕರಾವಳಿಗೆ ಬರುತ್ತಿದ್ದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿದ್ದು ರೋಮನ್ ಬೆಳ್ಳಿ ನಾಣ್ಯಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಳ್ಳಿಯವು ದೊರೆತಿವೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಮಾತ್ರ ಚಿನ್ನದವೇ ಸಿಕ್ಕಿದವು.

ಇವನ್ನು ಗುರುತಿಸುವುದು ಹೇಗೆ? ಒಂದು ಮುಖದಲ್ಲಿ ಚಕ್ರವರ್ತಿಯ ಚಿತ್ರ, ಅಂಚಿನ ಸುತ್ತ ಲ್ಯಾಟಿನ್ ಬರಹ. ಅಕ್ಷರಗಳು ಇಂಗ್ಲಿಷಿನ ದೊಡ್ಡಕ್ಷರಗಳಂತೆಯೇ ಇವೆ, ಆದರೆ 'ಯು' ಇರಬೇಕಾದಲ್ಲಿ 'ವಿ' ಕಾಣುತ್ತದೆ. ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಆದ್ದರಿಂದ ಅದು ಪೂರ್ತಿ ದುಂಡಗಿರುವುದು ಅಪರೂಪ. ಎರಕ ಹೊಯ್ದ ನಕಲಿಯ ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು ಇರಬಹುದು. ಭಾರತದಲ್ಲಿ ಸಿಕ್ಕಿದ ಕೆಲವು ನಾಣ್ಯಗಳಿಗೆ ತೂತು ಕೊರೆದಿದ್ದಾರೆ, ಕೊರಳಿಗೆ ಹಾಕಿಕೊಳ್ಳಲು. ಅಜ್ಜಿಯ ಕಾಸಿನ ಸರ ನೆನಪಾಯಿತಲ್ಲವೇ?

ಒರೆಗಲ್ಲು ಸಾಮಾನ್ಯವಾಗಿ ಮೇಲ್ಮೈಯನ್ನಷ್ಟೇ ಪರೀಕ್ಷಿಸುತ್ತದೆ. ಒಳಗೇನಿದೆ ಎಂದು ತಿಳಿಯಲು ಸಾಂದ್ರತೆ ಬೇಕು. ಒಂದು ಘನ ಸೆಂ.ಮೀ. ಚಿನ್ನದ ತೂಕ 19.3 ಗ್ರಾಂ, ಹಿತ್ತಾಳೆಯದು ಸುಮಾರು 8.5 ಗ್ರಾಂ. ಅಗಸ್ಟಸ್ ಚಕ್ರವರ್ತಿಯ ಕಾಲದ ಚಿನ್ನದ ನಾಣ್ಯ ಸುಮಾರು 7.8 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಹಿತ್ತಾಳೆ ನಾಣ್ಯ ತೂಗುವುದು ಮೂರೂವರೆ ಗ್ರಾಂ ಮಾತ್ರ! ಮೋಸಗಾರ ತೂಕ ಸರಿಮಾಡಲು ಹೋದರೆ ನಾಣ್ಯ ಎರಡು ಪಟ್ಟಿಗಿಂತಲೂ ದಪ್ಪವಾಗುತ್ತದೆ.

ಮಾಡಿ ನೋಡಿ: ಒಂದು ರೂಪಾಯಿಯ 20 ಸ್ಟೀಲ್ ನಾಣ್ಯಗಳನ್ನು ತೂಗಿ. ಅಳತೆ ಜಾಡಿಯಲ್ಲಿ 50 ಮಿ.ಲೀ. ನೀರು ತೆಗೆದುಕೊಂಡು ನಾಣ್ಯಗಳನ್ನು ಮೆಲ್ಲಗೆ ಮುಳುಗಿಸಿ. ಜಾಡಿಯ ಬಾಯಿ ಕಿರಿದಾಗಿದ್ದರೆ ಓರೆ ಹಿಡಿದು ಜಾರಿಸಿ. ನೀರು ಎಷ್ಟು ಮಿ.ಲೀ. ಏರಿತು? ತೂಕವನ್ನು ಅದರಿಂದ ಭಾಗಿಸಿ. ಉತ್ತರ 8ರ ಆಸುಪಾಸಿನಲ್ಲಿ ಬರಬೇಕು. ಹಳೆಯ ದೊಡ್ಡ ನಾಣ್ಯ, ಹೊಸ ಚಿಕ್ಕ ನಾಣ್ಯ ಬೆರೆತಿದ್ದರೂ ಪರವಾಗಿಲ್ಲ. ಏಕೆ? ಯೋಚಿಸಿ. ಒಂದೇ ನಾಣ್ಯ ಹಾಕಿದರೆ ನೀರು ಏರಿದ್ದು ಕಣ್ಣಿಗೇ ಕಾಣದು, ಅದಕ್ಕಾಗಿ 20.

ಈಗ ಮೊದಲಿನ ಮೋಸಕ್ಕೆ ಬನ್ನಿ. ಪರೀಕ್ಷೆಗೆ ನಾಣ್ಯ ಆರಿಸಿ ಕೊಟ್ಟವನು ಮಾರುವವನೇ. ಅವನು ಆರಿಸಿದ್ದನ್ನು ಎಷ್ಟು ಸಲ ಪರೀಕ್ಷಿಸಿದರೂ ಗಂಟಿನ ವಿಷಯ ತಿಳಿಯದು.

ಇನ್ನೂ ಒಂದು ಮಾತು. ನಿಜವಾಗಿಯೂ ಗದ್ದೆಯಲ್ಲಿ ಹಳೆಯ ನಾಣ್ಯ ಸಿಕ್ಕರೆ? ನೆಲದಲ್ಲಿ ಸಿಕ್ಕಿದ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ತಹಸೀಲ್ದಾರರಿಗೆ ಹೇಳುವಂತೆ ಅಪ್ಪನಿಗೆ ತಿಳಿಸಿ. ಹುಣಸೆಹಣ್ಣು ಹಾಕಿ ಉಜ್ಜಲು ಮಾತ್ರ ಹೋಗಬೇಡಿ. ಎಷ್ಟು ಆಳದಲ್ಲಿತ್ತು, ಮಡಕೆಯಲ್ಲಿತ್ತೇ, ಪಕ್ಕದಲ್ಲಿ ಇನ್ನೇನಿತ್ತು ಎಂಬುದನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಡಕೆಯ ಚೂರುಗಳನ್ನೂ ಎಸೆಯಬೇಡಿ.